ತಗಡಿನ ಗಾಡಿಯ ಹಾಲಮ್ಮ

ಹಾಲಮ್ಮ ನಡೆಯುತ್ತ ನಡೆಯುತ್ತ ಥಟ್ಟನೆ ನಿಂತುಬಿಡುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಕೈಯಲ್ಲಿ ಬಿಸಿನೀರಿನ ಪಾತ್ರೆ ಇರಲಿ, ಬಾಣಂತಿಯ ಬಟ್ಟೆಯ ರಾಶಿ ಇರಲಿ, ಎತ್ತಿದ ಕಾಲನ್ನು ಹಾಗೇ ಹಿಡಿದು, ನೆಲ ನೋಡುತ್ತ, ಯಾರಿಗೋ ದಾರಿ ಬಿಟ್ಟವಳಂತೆ ಕಾಯುತ್ತಿದ್ದಳು. ಮೊದಲ ದಿನ ನಾನು ಹಾವೇ ಇರಬೇಕೆಂದು ಹಾರಿ ಮೆಟ್ಟಿಲ ಮೇಲೆ ನಿಂತೆ. ಅವಳು ತಲೆ ಎತ್ತದೆ, "ಏನೂ ಇಲ್ರಿ ಸಿಸ್ಟರಮ್ಮ, ಇರುವೆ ಹೋಗ್ತಾ ಅದಾವೆ. ಅವು ಹೋಗ್ಲಿ, ಆಮೇಲೆ ನಾನು ಬರ್ತೀನಿ" ಅಂದಳು. ಸಾಲು ಉದ್ದವಿತ್ತು. ನೀರು ತಣ್ಣಗಾಗುವ ತನಕ ಅವಳು ಅಲ್ಲಾಡಲಿಲ್ಲ.

ಐವತ್ತೇಳು, ಐವತ್ತೆಂಟರ ಮಾತು. ನಾನು ಆಗಷ್ಟೇ ನರ್ಸಿಂಗ್ ಮುಗಿಸಿದ್ದೆ. ಶುಚಿತ್ವದ ವಿಷಯಕ್ಕೆ ಬಂದರೆ ನನ್ನ ನಾಲಗೆಗೆ ಲಗಾಮು ಇರಲಿಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬರು ಕಾಡಿನಲ್ಲಿ ಬಿಡಾರ ಮಾಡುವುದಕ್ಕೆಂದು ವಿಲಾಯಿತಿಯಿಂದ ಒಂದು ಟ್ರೇಲರ್ ತರಿಸಿಕೊಂಡಿದ್ದರಂತೆ. ದೇಶ ಬಿಟ್ಟು ಹೋಗುವಾಗ ಅದನ್ನು ಒಂದು ಧರ್ಮಸಂಸ್ಥೆಗೆ ಕೊಟ್ಟು ಹೋದರು. ಸಂಸ್ಥೆಯವರು ಅದರೊಳಗಿನ ಮೆತ್ತನೆ ಹಾಸಿಗೆ, ಮಡಚುವ ಮೇಜು ಎಲ್ಲ ಕಿತ್ತು, ಎರಡು ಮಂಚ ಹಾಕಿ, ಔಷಧದ ಬೀರು ಕೂರಿಸಿ, ಊರೂರು ತಿರುಗುವ ಹೆರಿಗೆ ಆಸ್ಪತ್ರೆ ಮಾಡಿದರು. ಜೀಪಿನ ಹಿಂದೆ ಕಟ್ಟಿಕೊಂಡು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸುತ್ತುತ್ತಿದ್ದೆವು. ಒಂದೊಂದು ಊರಿನಲ್ಲಿ ಒಂದು ತಿಂಗಳು, ಒಂದೂವರೆ ತಿಂಗಳು. ಜನ ಅದನ್ನು ತಗಡಿನ ಗಾಡಿ ಎನ್ನುತ್ತಿದ್ದರು. ಬಿಸಿಲಿಗೆ ಅದರ ಮೈ ಹೊಳೆದರೆ ದನಗಳು ಬೆದರುತ್ತಿದ್ದವು.

ಗಾಡಿಗೆ ನಾವು ಮೂವರು. ನಾನು ನರ್ಸು. ಜೀಪು ಓಡಿಸುವವರು ಶಿಕಾರಿಪುರದ ಖಾದರ್ ಸಾಬರು. ಆಯಾ ಕೆಲಸಕ್ಕೆ ಹೊಸಬಾಳೆಯ ಹಾಲಮ್ಮ. ಡಾಕ್ಟರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹಾಲಮ್ಮ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು, ಗಂಡ ತೀರಿಕೊಂಡಿದ್ದ, ಹಣೆಯ ತುಂಬ ವಿಭೂತಿ. ಆಯಾಗಳನ್ನು ಏಕವಚನದಲ್ಲಿ ಕರೆಯುವುದು ಆಗಿನ ಆಸ್ಪತ್ರೆಗಳ ರೂಢಿ. ನಾನೂ ಹಾಗೇ ಕರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೆರಿಗೆಯ ಕೆಲಸದಲ್ಲಿ ಅವಳಿಗೆ ನಾನೇನೂ ಕಲಿಸುವ ಹಾಗಿರಲಿಲ್ಲ. ನೋವು ತಿನ್ನುವ ಹೆಂಗಸಿನ ಬೆನ್ನ ಮೇಲೆ ಅವಳು ಅಂಗೈ ಇಟ್ಟರೆ ಕೂಗಾಟ ಅರ್ಧಕ್ಕೆ ಇಳಿಯುತ್ತಿತ್ತು. ಮಾತು ಕಡಿಮೆ. ಹುಟ್ಟಿದ ಕೂಸನ್ನು ಒರೆಸಿ ನನ್ನ ಕೈಗೆ ಕೊಡುವಾಗ ಮಾತ್ರ, "ಹನ್ನೊಂದು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕಳ್ರಿ" ಎಂದು ತಾಯಿಗೆ ಹೇಳುವಳು. ಗಂಡಾಗಲಿ ಹೆಣ್ಣಾಗಲಿ ಇದೇ ಮಾತು. ಹನ್ನೊಂದೇ ಏಕೆ, ಹತ್ತೇಕಲ್ಲ ಎಂದು ನಾನು ಚುಡಾಯಿಸಿದರೆ ಕೇಳಿಸದವಳಂತೆ ಬಟ್ಟೆ ಹಿಂಡುವಳು. ಇನ್ನೊಂದು ವಿಚಿತ್ರ, ಅವಳು ಕೂಸುಗಳನ್ನು ಎಂದೂ ಮುದ್ದು ಮಾಡುತ್ತಿರಲಿಲ್ಲ. ಕೆಲಸ ಮುಗಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು.

ಇರುವೆಯ ಕಾಟ ಶುರುವಾದದ್ದು ಸೊರಬದ ಕಡೆ ಇದ್ದಾಗ. ಬೀರುವಿನ ಹಿಂದಿನ ಗೋಡೆಯಿಂದ ಒಂದು ಸಣ್ಣ ಕೆಂಪು ಸಾಲು ಹೊರಟು ನೆಲ ದಾಟಿ, ಮಂಚದ ಕಾಲಿನವರೆಗೆ ಬಂದು ತಿರುಗಿ ಹೋಗುತ್ತಿತ್ತು. ನಾನು ಬೂದಿ ಹಾಕಿದೆ, ಅರಿಸಿನ ಹಾಕಿದೆ, ಸೀಮೆಎಣ್ಣೆಯಲ್ಲಿ ಒರೆಸಿದೆ. ಒಂದು ದಿನ ಇಲ್ಲ, ಎರಡನೆಯ ದಿನ ಮತ್ತೆ ಹಾಜರು. ಖಾದರ್ ಸಾಬರು ಹಾಲಿನ ಪುಡಿಯ ಡಬ್ಬಗಳನ್ನು ಅರ್ಧಕ್ಕೆ ಕತ್ತರಿಸಿ ತಂದು, ಗಾಡಿಗೆ ಕೊಟ್ಟ ಆಸರೆ ಕಾಲುಗಳನ್ನೆಲ್ಲ ಅದರಲ್ಲಿ ಇಳಿಸಿ ನೀರು ತುಂಬಿದರು. ಜ್ಯಾಕಿ ಕೊಟ್ಟು ಚಕ್ರಗಳನ್ನೂ ನೆಲದಿಂದ ಎತ್ತಿದರು. ಜೀಪಿಗೆ ಸಿಕ್ಕಿಸುವ ಮೂಕಿಯ ಕೆಳಗೊಂದು ಡಬ್ಬ, ಮೆಟ್ಟಿಲಿನ ಕೆಳಗೆ ಇನ್ನೆರಡು. ಅಷ್ಟು ದೊಡ್ಡ ಗಾಡಿ ಅಡುಗೆಮನೆಯ ಜಾಲರಿ ಬೀರುವಿನ ಹಾಗೆ ನೀರಿನ ಬಟ್ಟಲುಗಳಲ್ಲಿ ಕಾಲಿಟ್ಟು ನಿಂತಿತು. ನೆಲಕ್ಕೂ ಅದಕ್ಕೂ ಎಲ್ಲೂ ಸಂಬಂಧ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಸಾಲು ಇದ್ದಲ್ಲೇ ಇತ್ತು.

ನಾನು ಡಬ್ಬಗಳನ್ನು ಸುತ್ತಿ ಸುತ್ತಿ ನೋಡುತ್ತಿದ್ದಾಗ ಖಾದರ್ ಸಾಬರು ಒಂದು ಆಸರೆ ಕಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಆಮೇಲೆ ಮೆಲ್ಲಗೆ, "ಸಿಸ್ಟರ್, ಇಲ್ಲಿ ನೋಡ್ರಿ. ಇವು ಕೆಳಗಿಂದ ಹತ್ತಾಕತ್ತಿಲ್ಲ. ಮೇಲಿಂದ ಇಳದು ಬಂದು, ನೀರು ಕುಡದು, ವಾಪಸ್ ಹೋಗಾಕತ್ತಾವ" ಅಂದರು. ಬಗ್ಗಿ ನೋಡಿದೆ. ನಿಜ. ಮನೆಯವರು ಬಾವಿಗೆ ಹೋಗಿ ಬರುವಷ್ಟು ನಿಶ್ಚಿಂತೆಯಿಂದ ಇಳಿದು ಹತ್ತುತ್ತಿದ್ದವು. ನಾವು ಹೊರಗಿನ ದಾರಿಯನ್ನೆಲ್ಲ ಕಟ್ಟಿ ಅವುಗಳನ್ನು ಒಳಗೇ ಇಟ್ಟುಕೊಂಡಿದ್ದೆವು.

ಗಾಡಿಯ ಗೋಡೆ ಎರಡು ಪದರದ್ದು. ಹೊರಗೆ ತಗಡು, ಒಳಗೆ ಹಲಗೆ, ನಡುವೆ ನಾಲ್ಕು ಬೆರಳಿನಷ್ಟು ಪೊಳ್ಳು. ಅವತ್ತು ಮಧ್ಯಾಹ್ನ ಒಳಗೆ ಬಂದಾಗ ಹಾಲಮ್ಮ ಆ ಗೋಡೆಗೆ ಕಿವಿಯಿಟ್ಟು ನಿಂತಿದ್ದಳು, ಕಣ್ಣು ಮುಚ್ಚಿತ್ತು. ನನ್ನನ್ನು ಕಂಡು ಬೆಚ್ಚಲಿಲ್ಲ. "ನೀವೂ ಕೇಳ್ರಿ" ಅಂದಳು. ನಾನು ಕಿವಿಯಿಟ್ಟೆ. ಮೊರದಲ್ಲಿ ಅಕ್ಕಿ ನುಚ್ಚು ಸರಿಸಿದಂತೆ ಸಣ್ಣಗೆ, ಬಿಡುವಿಲ್ಲದ ಒಂದು ಸದ್ದು. ಗೋಡೆಯ ಉದ್ದಕ್ಕೂ ಇತ್ತು ಅದು. "ಸುಮ್ಮನಿದ್ದಾವೆ ಪಾಪ, ತಮ್ಮ ಪಾಡಿಗೆ" ಅಂದಳು ಹಾಲಮ್ಮ. ಅವಳ ಮುಖದಲ್ಲಿ ನಾನು ಅಲ್ಲಿಯವರೆಗೆ ಕಾಣದ ಒಂದು ನೆಮ್ಮದಿ ಇತ್ತು. ಆ ಸದ್ದಿಗಿಂತ ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪುಷ್ಯ ಮಾಸದ ಚಳಿಯಲ್ಲಿ ಗಾಡಿ ಬಂದಳಿಕೆಗೆ ಬಂತು. ಹಾಳುಬಿದ್ದ ಗುಡಿಗಳ ಆಚೆಗಿನ ಬಯಲಿನಲ್ಲಿ ನಿಲ್ಲಿಸಿದೆವು. ಇರುವೆಗಳೂ ನಮ್ಮೊಡನೆ ಬಂದವು. ಅಲ್ಲಿ ಗೌರಮ್ಮ ಎಂಬ ಹೆಂಗಸಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹಿಂದೆ ಎರಡು ಹೋಗಿದ್ದವು, ಇದು ಮೂರನೆಯದು, ಹೆಣ್ಣು. ಅಂಗೈ ಅಗಲದ ಕೂಸು, ಅಳಲೂ ಶಕ್ತಿಯಿಲ್ಲ. ಡಾಕ್ಟರು ಬಂದು ನೋಡಿ, "ಶಿವಮೊಗ್ಗಕ್ಕೆ ಸಾಗಿಸಿದರೆ ದಾರಿಯಲ್ಲೇ ಹೋಗುತ್ತೆ. ಗಾಡಿಯೊಳಗೇ ಹತ್ತಿಯಲ್ಲಿ ಸುತ್ತಿ ಬೆಚ್ಚಗಿಡಿ. ಎರಡು ವಾರ ದಾಟಿಸಿದರೆ ಬದುಕುತ್ತೆ" ಎಂದರು. ಒಂದು ಬುಟ್ಟಿಗೆ ಹತ್ತಿ ಹಾಸಿ, ಸುತ್ತ ಬಿಸಿನೀರಿನ ಸೀಸೆಗಳನ್ನಿಟ್ಟು ಕೂಸನ್ನು ಮಲಗಿಸಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಬುಟ್ಟಿಯ ಬಟ್ಟೆ ಬಿಡಿಸಿದೆ. ಹೊಕ್ಕುಳಿನ ಹತ್ತಿರ ಮೂರು ಇರುವೆ. ಕಚ್ಚಿದ ಕಡೆ ಕೆಂಪಗೆ ಊದಿತ್ತು. ಕೂಸು ಬಾಯಿ ತೆರೆದಿತ್ತು, ಅಳು ಹೊರಗೆ ಬಂದಿರಲಿಲ್ಲ.

ಬುಟ್ಟಿಯನ್ನು ಗೌರಮ್ಮನ ಮಡಿಲಿಗೆ ಕೊಟ್ಟು, ಹುಚ್ಚು ಹಿಡಿದವಳ ಹಾಗೆ ಬೀರು ಎಳೆದು ಪಕ್ಕಕ್ಕೆ ಸರಿಸಿದೆ. ಹಲಗೆಯ ಸಂದಿನಲ್ಲಿ ಸಕ್ಕರೆ. ಯಾವಾಗಲೋ ಬಿದ್ದದ್ದಲ್ಲ, ಹೊಸದು, ಚಿಟಿಕೆ ಚಿಟಿಕೆಯಾಗಿ ಇಟ್ಟದ್ದು. ಬಾಣಂತಿಯರ ಕಾಫಿಯ ಸಕ್ಕರೆ ಕಡಿಮೆಯಾಗುತ್ತಿದೆಯೆಂದು ನಾನು ಖಾದರ್ ಸಾಬರನ್ನು ಎಷ್ಟು ಸಲ ಬೈದಿದ್ದೆನೋ. ಹಿಂದೆ ತಿರುಗಿದರೆ ಹಾಲಮ್ಮ ಬಾಗಿಲಲ್ಲಿ ನಿಂತಿದ್ದಳು. "ಇಟ್ಟಿದ್ದು ನಾನೇ" ಅಂದಳು.

ಹೊರಗೆ ಕರೆದುಕೊಂಡು ಹೋಗಿ ಬಾಯಿಗೆ ಬಂದಂತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ಗುಡಿಯ ಜಗತಿಯ ಕಲ್ಲಿನ ಮೇಲೆ ಕೂತು ಹೇಳಿದಳು. ನಾನು ನಿಂತೇ ಕೇಳಿದೆ.

"ನನಗೂ ಒಂದು ಹೆಣ್ಣುಕೂಸು ಇತ್ರಿ ಸಿಸ್ಟರಮ್ಮ. ಭತ್ತದ ಕೊಯ್ಲು. ಹೆತ್ತು ಹನ್ನೊಂದು ದಿನ, ಕೆಲಸಕ್ಕೆ ಹೋಗ್ಲೇಬೇಕಿತ್ತು. ಬದುವಿನ ಮ್ಯಾಲೆ ಕಂಬಳಿ ಹಾಸಿ ಮಲಗ್ಸಿದ್ದೆ. ನಾಕು ಸಾಲು ಕೊಯ್ದು ಬರೋದ್ರೊಳಗೆ ಮುಖ ಕಾಣಂಗಿರಲಿಲ್ಲ. ಪೂರಾ ಇರುವೆ. ಕಣ್ಣು, ಮೂಗು, ಬಾಯಿ. ಊರಾಗೆ ಹೆಸರಿಡದ ಕೂಸಿಗೆ ತಿಥಿ ಮಾಡಂಗಿಲ್ಲ ಅಂದ್ರು, ಕಾಗೆಗೆ ಇಡಂಗಿಲ್ಲ ಅಂದ್ರು. ಅದು ಹೋಗಿದ್ದು ಎಲ್ಲಿಗೆ ಅಂತ ನನಗೆ ಗೊತ್ತೈತಲ್ಲ. ಅವುಗಳ ಜೊತೆ ಹೋತು. ಅವತ್ತಿಂದ ಎಲ್ಲಿ ಕಂಡ್ರೂ ಒಂದು ಚಿಟಿಕೆ ಹಾಕ್ತೀನಿ."

"ಅದಕ್ಕೆ ಹೆರಿಗೆ ಗಾಡಿಯೊಳಗೆ ತಂದು ಸಾಕಬೇಕಿತ್ತಾ?" ಅಂದೆ.

"ಸಾಕಿದ್ದಲ್ರಿ. ಗೋಡೆಯಾಗೆ ಹೊಟ್ಟೆ ತುಂಬಿದ್ರೆ ಕೂಸುಗಳ ಹತ್ರ ಬರಲ್ಲ ಅನ್ಕಂಡೆ. ಇಷ್ಟು ದಿನ ಬಂದಿರಲಿಲ್ಲ."

ಕೂಸುಗಳನ್ನು ಕಾಯಬೇಕೆಂದೇ ಅವಳು ಇರುವೆಗಳಿಗೆ ಉಣಿಸಿದ್ದಳು. ಉಂಡು ಉಂಡು ಅವು ಗೋಡೆಯ ತುಂಬ ಬೆಳೆದಿದ್ದವು. ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ.

ಮಲೇರಿಯಾದವರು ಕೊಟ್ಟು ಹೋಗಿದ್ದ ಡಿ.ಡಿ.ಟಿ. ಪುಡಿಯ ಡಬ್ಬ ಜೀಪಿನಲ್ಲಿತ್ತು. ಆದರೆ ಅಂಥ ಕೂಸು ಉಸಿರಾಡುವ ಕಡೆ ಆ ವಿಷ ಹಾಕುವ ಹಾಗಿಲ್ಲ. ಕೂಸನ್ನು ಚಳಿಗೆ ಹೊರಗಿಡುವ ಹಾಗೂ ಇಲ್ಲ. ಆಗ ಹಾಲಮ್ಮ ಎದ್ದು ಬಂದು, "ನಾನು ಕರ್ಕಂಡು ಹೋಗ್ತೀನಿ ಅವನ್ನ. ಒಂದೂ ಬಿಡದಂಗೆ. ಆದ್ರೆ ಕೊಲ್ಲಬ್ಯಾಡ್ರಿ. ಮಾತು ಕೊಡ್ರಿ" ಎಂದು ಕೈ ಚಾಚಿದಳು. ನಾನು ಅವಳ ಅಂಗೈ ಮೇಲೆ ಕೈಯಿಟ್ಟೆ.

ಊರಿನಿಂದ ಒಂದು ಅಗಲ ಬಾಯಿಯ ಮಡಕೆ ತಂದಳು. ಗುಡಿಯ ಸೂರಿನ ಕೆಳಗಿನ ಒಣ ಮಣ್ಣು ತುಂಬಿದಳು. ಗಾಡಿಯ ಬಾಗಿಲಿನಿಂದ ಮಡಕೆಯ ಬಾಯಿಯ ತನಕ ಒಂದು ಹಲಗೆ. ಗೋಡೆಯ ಸಂದಿನಿಂದ ಹಲಗೆಯ ಉದ್ದಕ್ಕೂ ಬೆಲ್ಲದ ನೀರಿನಲ್ಲಿ ಅದ್ದಿದ ನೂಲು. ಖಾದರ್ ಸಾಬರಿಗೆ, "ನೀವು ಹೊರಗಿಂದ ತಗಡಿಗೆ ಬಿಸಿ ಕೊಡ್ರಿ ಸಾಬ್ರೆ, ಹಿತವಾಗಿ, ಆ ಕಡೆ ಮೂಲೆಯಿಂದ ಈ ಕಡೆಗೆ" ಅಂದಳು. ಅವರು ಗೋಣಿ ತಾಟನ್ನು ಕುದಿಯುವ ನೀರಿನಲ್ಲಿ ಅದ್ದಿ ಅದ್ದಿ ತಗಡಿಗೆ ಒತ್ತತೊಡಗಿದರು. ಹಾಲಮ್ಮ ಇನ್ನೊಂದು ಕೊಡ ನೀರು ತರಲು ಕೆರೆಗೆ ಹೋದಳು.

ಅವಳು ಕಣ್ಮರೆಯಾಗುವುದನ್ನೇ ಕಾದು, ನಾನು ಮಡಕೆಯ ಮಣ್ಣನ್ನು ಅರ್ಧ ತೆಗೆದು, ತಳದಲ್ಲಿ ಎರಡು ಹಿಡಿ ಬಿಳಿ ಪುಡಿ ಬೆರೆಸಿ, ಮೇಲೆ ಮತ್ತೆ ಮಣ್ಣು ಮುಚ್ಚಿದೆ. ಖಾದರ್ ಸಾಬರು ನೋಡಿದರು. ಮುಖ ತಿರುಗಿಸಿ ಮತ್ತೆ ಗೋಣಿ ತಾಟು ಅದ್ದತೊಡಗಿದರು. ಮಡಕೆ ಅಲ್ಲೇ ಎಲ್ಲೋ ಇದ್ದರೆ ನಾಳೆ ಮತ್ತೆ ಬುಟ್ಟಿ ಹತ್ತುತ್ತವೆ, ಕೂಸು ದೊಡ್ಡದೋ ಮಾತು ದೊಡ್ಡದೋ ಎಂದು ನನಗೆ ನಾನೇ ಹೇಳಿಕೊಂಡೆ. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ.

ಹತ್ತು ಗಂಟೆಯ ಹೊತ್ತಿಗೆ ಮೊದಲ ಸಾಲು ಹೊರಬಿತ್ತು. ಆಮೇಲೆ ಅದು ಬೆರಳಗಲ ಆಯಿತು, ಕೈಯಗಲ ಆಯಿತು. ಪ್ರತಿಯೊಂದರ ಬಾಯಲ್ಲೂ ಬಿಳಿ ಮೊಟ್ಟೆ. ಹಾಲಮ್ಮ ಹಲಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, "ಬರ್ರಿ, ಬರ್ರಿ, ಬಿಸಿಲು ಐತೆ ಇಲ್ಲಿ" ಎಂದು ಸಣ್ಣ ದನಿಯಲ್ಲಿ ಕರೆಯುತ್ತಲೇ ಇದ್ದಳು. ಊರಿನ ಹೆಂಗಸರು ಬಂದು ದೂರದಲ್ಲಿ ಗುಂಪಾಗಿ ನಿಂತರು. ಅಷ್ಟು ಜೀವ ಹರಿಯುತ್ತಿದ್ದರೂ ಸದ್ದೇ ಇಲ್ಲದಿರುವುದು ಎಷ್ಟು ಭಯಂಕರ ಎಂದು ನನಗೆ ಅವತ್ತು ಗೊತ್ತಾಯಿತು.

ಒಮ್ಮೆ, ಮಧ್ಯಾಹ್ನದ ಹೊತ್ತಿಗೆ, ಗೌರಮ್ಮನ ಮಂಚದ ಕೆಳಗೆ ಹಾದುಹೋಗುತ್ತಿದ್ದ ಸಾಲು ಇದ್ದಕ್ಕಿದ್ದಂತೆ ನಿಂತಿತು. ಹಿಂದಿನವೂ ಮುಂದಿನವೂ ಎಲ್ಲ ಒಟ್ಟಿಗೆ. ಮಂಚದ ಮೇಲೆ ಬುಟ್ಟಿಯೊಳಗೆ ಕೂಸು ಹುಟ್ಟಿದ ಮೇಲೆ ಮೊದಲ ಸಲ ದನಿ ತೆಗೆದು ಅಳುತ್ತಿತ್ತು. ಅಳು ನಿಂತ ಮೇಲೆ ಸಾಲು ಮತ್ತೆ ಹರಿಯಿತು. ನನ್ನ ಭ್ರಮೆಯೆಂದು ಎಷ್ಟೋ ವರ್ಷ ಅಂದುಕೊಳ್ಳಲು ನೋಡಿದ್ದೇನೆ, ಆದರೆ ಗೌರಮ್ಮನೂ ಅದನ್ನು ನೋಡಿದ್ದಳು. ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಗೋಡೆ ಖಾಲಿ. ಕಿವಿಯಿಟ್ಟು ಕೇಳಿದೆ, ಬರೀ ತಗಡು ತಣ್ಣಗಾಗುವ ಟಿಕ್ ಟಿಕ್. ಹಾಲಮ್ಮ ಮಡಕೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದಳು. ಸೊರಬದ ಕಡೆಗೆ ಹೊರಟಿದ್ದ ಎತ್ತಿನ ಗಾಡಿಯೊಂದು ಸಿಕ್ಕಿತು. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತಳು. "ಊರಿಗೆ ಬಿಟ್ಟು ಬರ್ತೀನಿ. ಕೂಸಿನ ಮೈ ಮ್ಯಾಲೆ ಕಣ್ಣಿರ್ಲಿ" ಅಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ, ಎತ್ತಿನ ಕೊರಳ ಗಂಟೆ ನೋಡುತ್ತ ಹೂಂಗುಟ್ಟಿದೆ.

ಅವಳು ಮರಳಿ ಕೆಲಸಕ್ಕೆ ಬರಲಿಲ್ಲ. ಹೇಳಿ ಕಳಿಸಿದರೆ, ಮೈಯಲ್ಲಿ ಕಸುವಿಲ್ಲ ಎಂಬ ಉತ್ತರ. ಗೌರಮ್ಮನ ಕೂಸು ಎರಡು ವಾರ ದಾಟಿತು, ಆಮೇಲೆ ಆರು ತಿಂಗಳೂ ದಾಟಿತು. ಅಂಬ್ಲಿಗೊಳದ ಕಡೆ ಗಾಡಿ ಇದ್ದಾಗ ಗೌರಮ್ಮನೇ ತವರಿಗೆ ಹೋಗುವ ದಾರಿಯಲ್ಲಿ ತಂದು ತೋರಿಸಿದಳು. ಗುಂಡಗಾಗಿತ್ತು, ನನ್ನ ಕನ್ನಡಕ ಕಿತ್ತುಕೊಳ್ಳಲು ನೋಡಿತು. ನಾನು ಮಾಡಿದ್ದು ಸರಿ ಎಂದು ಆ ಒಂದು ದಿನ ಪೂರ್ತಿ ನಂಬಿದ್ದೆ.

ಮುಂದಿನ ಕೊಯ್ಲಿನ ಹೊತ್ತಿಗೆ ನನಗೆ ಬೇರೆ ಕಡೆ ಕೆಲಸವಾಯಿತು. ಹೊರಡುವ ಮುಂಚೆ ಒಂದು ಮಧ್ಯಾಹ್ನ ಹೊಸಬಾಳೆಗೆ ಹೋದೆ. ಒಂಟಿ ಕೋಣೆಯ ಮನೆ, ಸಾರಿಸಿದ ನೆಲ. ಹಾಲಮ್ಮ ಇಳಿದುಹೋಗಿದ್ದಳು. "ಮೆಲ್ಲಗೆ ಬರ್ರಿ" ಎಂದು ಪಿಸುಗುಟ್ಟಿದಳು. ಅವಳ ಜೊತೆ ನಾನೂ ಪಿಸುಮಾತಿನಲ್ಲೇ ಮಾತಾಡಿದೆ, ಏಕೆಂದು ಕೇಳಲು ಧೈರ್ಯ ಬರಲಿಲ್ಲ. ಮೂಲೆಯಲ್ಲಿ ಮಡಕೆ ಇತ್ತು. ಬಾಯಿಗೆ ಅದೇ ಬಿಳಿ ಬಟ್ಟೆ. ಮುಂದೆ ಮುತ್ತುಗದ ಎಲೆಯ ಮೇಲೆ ಸಕ್ಕರೆ, ತಂಡಿಗೆ ಗಟ್ಟಿಯಾಗಿತ್ತು. ಒಂದೇ ಒಂದು ಇರುವೆಯೂ ಅದನ್ನು ಮುಟ್ಟಿರಲಿಲ್ಲ. ನಾನು ಗೋಡೆ ನೋಡಿದೆ, ಹೊಸ್ತಿಲು ನೋಡಿದೆ, ಒಲೆಯ ಕಟ್ಟೆ ನೋಡಿದೆ. ಆ ಮನೆಯಲ್ಲಿ ಎಲ್ಲೂ ಒಂದು ಇರುವೆಯೂ ಇರಲಿಲ್ಲ.

"ಆ ಕೂಸು ಹೆಂಗೈತ್ರಿ?" ಅಂದಳು.

"ಚೆನ್ನಾಗಿದೆ ಹಾಲಮ್ಮ. ತೆವಳುತ್ತೆ ಈಗ."

ತಲೆ ಆಡಿಸಿದಳು. ಮಡಕೆಯ ಕಡೆ ನೋಡುತ್ತ, "ಅವತ್ತು ಎತ್ತಿನ ಗಾಡಿ ಸೊರಬ ಮುಟ್ಟೋ ಹೊತ್ತಿಗೇ ಸದ್ದು ನಿಂತಿತ್ತು. ದಾರಿಯುದ್ದಕ್ಕೂ ಕಿವಿಯಿಟ್ಟೇ ಕೂತಿದ್ದೆ" ಅಂದಳು.

ನಿಜ ಹೇಳಬೇಕೆಂದೇ ನಾನು ಅಷ್ಟು ದೂರ ಹೋಗಿದ್ದು. ಆದರೆ ಹೇಳಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು ಎದ್ದೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲಿಗೆ ಬಂದಳು.

"ಸಿಸ್ಟರಮ್ಮ, ಅವತ್ತು ಮಡಕೆ ತಳಕ್ಕೆ ಹಾಕಿದ್ರಲ್ಲ, ಆ ಬಿಳಿ ಪುಡಿ ಒಂದಿಷ್ಟು ಇದ್ರೆ ಕಳಿಸಿಕೊಡ್ರಿ. ಪಕ್ಕದ ಮನೆಯಾಕೆ ಹೆತ್ತು ಎಂಟು ದಿನ ಆಗೈತೆ. ನಾಳೆಯಿಂದ ಕೊಯ್ಲಿಗೆ ಹೋಗ್ತಾಳಂತೆ, ಕೂಸನ್ನ ಬದುವಿನ ಮ್ಯಾಲೆ ಮಲಗಿಸ್ತಾಳೆ. ಕಂಬಳಿ ಸುತ್ತ ದೂರಕ್ಕೊಂದು ಗೆರೆ ಎಳೀತೀನಿ" ಅಂದಳು.

ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಮನೆಗೆ ಬೇಕಾದ ಉಪ್ಪನ್ನೋ ಎಣ್ಣೆಯನ್ನೋ ಕೇಳುವ ದನಿ ಅದು. ನಾನು ಆಗಲಿ ಎಂದೆ. ಮರುದಿನ ಖಾದರ್ ಸಾಬರ ಕೈಯಲ್ಲಿ ಡಬ್ಬವನ್ನೇ ಕಳಿಸಿದೆ. ಸಂಜೆ ಅವರು ಬಂದು, "ಎರಡೂ ಕೈ ಒಡ್ಡಿ ತಗೊಂಡ್ರು ಸಿಸ್ಟರ್" ಅಂದರು.

ಆಮೇಲೆ ನಾನು ಹಾಲಮ್ಮನನ್ನು ನೋಡಲಿಲ್ಲ. ಮೂರು ವರ್ಷದ ಮೇಲೆ, ಅವಳು ತೀರಿಹೋದಳೆಂದು ಖಾದರ್ ಸಾಬರು ಯಾರದೋ ಕೈಯಲ್ಲಿ ಒಂದು ಕಾಗದ ಬರೆಸಿದ್ದರು. ಕೊಟ್ಟ ಮಾತಿಗೆ ತಪ್ಪಿದ್ದೇಕೆ ಎಂದು ಅವಳು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ, ಅಲ್ಲಿಗೆ ಅದು ಮುಗಿದುಹೋಗುತ್ತಿತ್ತು.